ಶುಕ್ರವಾರದ ಮುಚ್ಚಳ

ಬಾಯಿಂದ ಹೇಳಿದ ಸುಳ್ಳಿಗೆ ಆಯುಷ್ಯ ಕಡಿಮೆ. ಹೇಳಿದವನು ಮರೆಯುತ್ತಾನೆ, ಕೇಳಿದವನೂ ಮರೆಯುತ್ತಾನೆ; ತೀರಾ ಸಿಕ್ಕಿಬಿದ್ದರೆ 'ನಾನೆಲ್ಲಿ ಹಾಗಂದೆ?' ಎಂದು ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದು. ಬರೆದಿಟ್ಟ ಸುಳ್ಳಿನ ಜಾತಿಯೇ ಬೇರೆ. ಅದು ಕಪಾಟಿನೊಳಗೆ ಕೂತು ಬರೆದವನ ದಾರಿ ಕಾಯುತ್ತಿರುತ್ತದೆ. ನಾನು ಹನ್ನೆರಡು ವರ್ಷ, ಪ್ರತಿ ಶುಕ್ರವಾರ, ದುಂಡನೆಯ ಅಕ್ಷರದಲ್ಲಿ ಒಂದೇ ಸುಳ್ಳನ್ನು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಬರೆಯುವಾಗ ಅಕ್ಷರ ಸೊಟ್ಟಗಾದದ್ದು ಮೊದಲ ಎರಡು ವಾರ ಮಾತ್ರ. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ನಿಜ ಬರೆಯುವ ಸೋಮವಾರಕ್ಕೂ ಸುಳ್ಳು ಬರೆಯುವ ಶುಕ್ರವಾರಕ್ಕೂ ನನ್ನ ಅಕ್ಷರದಲ್ಲಿ ಏನೇನೂ ವ್ಯತ್ಯಾಸ ಕಾಣುವುದಿಲ್ಲ. ಓದಿದ ಮನುಷ್ಯರು ಯಾರೂ ಅದನ್ನು ಹಿಡಿಯಲಿಲ್ಲ. ಹಿಡಿದದ್ದು ಒಂದು ಯಂತ್ರ. ಅದೂ ಅರ್ಧ ಹಿಡಿಯಿತು. ಇನ್ನರ್ಧವನ್ನು ನಾನೇ ಕೈಯಾರೆ ಕೊಟ್ಟೆ. ಯಾಕಾದರೂ ಕೊಟ್ಟೆನಪ್ಪಾ ಎಂದು ಈಗ ದಿನಕ್ಕೆ ಐದು ಸಲ ಯೋಚಿಸುತ್ತೇನೆ. ಐದೇ ಸಲ ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ನನ್ನ ಹೆಸರು ಖಾಸಿಂ, ಊರು ಆಳಂದ. ಇಲ್ಲಿಂದ ಅಫಜಲಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಾಲೇಜಿದೆ, ಅದರ ಹಿಂಬದಿಗೆ ಒಂದು ಪ್ರಯೋಗಾಲಯವಿದೆ, ಅದರೊಳಗೆ ಒಂದು ಸ್ಟೂಲಿದೆ, ಆ ಸ್ಟೂಲಿನ ಮೇಲೆ ನಾನಿದ್ದೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಕಡಗಂಚಿಯ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಅಂತೂ ಅಲ್ಲ, ಅಲ್ಲಿಯವರು ಸುಮ್ಮನೆ ನನ್ನ ಮೇಲೆ ಸಿಟ್ಟಾಗುವುದು ಬೇಡ. ನನ್ನ ಹುದ್ದೆ ಪ್ರಯೋಗಾಲಯ ಸಹಾಯಕ. ಅದರ ಮುಂದೆ 'ಹಂಗಾಮಿ' ಎಂಬ ಬಾಲವೊಂದಿದೆ, ಬಾಲ ಮುಂದೆ ಇರುವ ಪ್ರಾಣಿ ನಾನೊಬ್ಬನೇ ಇರಬೇಕು. ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಕೆಲಸದಿಂದ ತೆಗೆದು, ಒಂದು ದಿನ ಬಿಟ್ಟು, ಮತ್ತೆ ಸೇರಿಸಿಕೊಳ್ಳುತ್ತಾರೆ. ಆ ಒಂದು ದಿನ ನಾನು ನಿರುದ್ಯೋಗಿ. ಹೆಂಡತಿ ರೆಹಾನಾ ಅಂದು ನನ್ನ ಕೈಗೆ ಕಸಬರಿಗೆ ಕೊಟ್ಟು ಮನೆಯ ಮೂಲೆಮೂಲೆಯ ಜೇಡನ ಬಲೆ ತೆಗೆಸುತ್ತಾಳೆ. ಹಾಗಾಗಿ ನಮ್ಮ ಮನೆಯ ಜೇಡಗಳಿಗೂ ಹನ್ನೊಂದು ತಿಂಗಳ ಕರಾರೇ.

ಕೆಲಸ ಏನೆಂದರೆ ಬಿಸಿಲನ್ನು ಕರೆಂಟು ಮಾಡುವುದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮೇ ತಿಂಗಳಲ್ಲಿ ಬೇಕಾದವರು ಬಂದು ಹೊತ್ತುಕೊಂಡು ಹೋಗಬಹುದು. ಛಾವಣಿಯ ಮೇಲೆ ನೀವು ನೋಡುವ ನೀಲಿ ಹಲಗೆಗಳು ಹಳೆಯ ಪದ್ಧತಿಯವು. ನಾವು ಹುಡುಕುತ್ತಿರುವುದು ಹೊಸ ಪದಾರ್ಥ: ಉಪ್ಪಿನಂಥದ್ದನ್ನು ದ್ರಾವಣದಲ್ಲಿ ಕರಗಿಸಿ, ಗಾಜಿನ ಚೂರಿನ ಮೇಲೆ ಒಂದು ತೊಟ್ಟು ಬಿಟ್ಟು, ಗರಗರ ತಿರುಗಿಸಿದರೆ ತೆಳ್ಳನೆಯ ಪದರ ಕೂರುತ್ತದೆ. ಅದಕ್ಕೆ ಫಿಲ್ಮು ಎನ್ನುತ್ತೇವೆ. ಅದನ್ನು ಬಿಸಿ ತಟ್ಟೆಯ ಮೇಲಿಟ್ಟು ಬೇಯಿಸಬೇಕು. ಚೆನ್ನಾಗಿ ಬಂದರೆ ಕನ್ನಡಿಯಂತೆ ಹೊಳೆಯುವ ಕಪ್ಪು, ಕೆಟ್ಟರೆ ಬೂದುಬೂದು. ಆಮೇಲೆ ಸೂರ್ಯನ ಬದಲಿಗೆ ಇಟ್ಟಿರುವ ದೀಪದ ಕೆಳಗೆ ಹಿಡಿದು ಎಷ್ಟು ಕರೆಂಟು ಬಂತು ಎಂದು ನೋಡುವುದು. ಉಪ್ಪು ಒಂದು ಚಿಟಿಕೆ ಹೆಚ್ಚು, ದ್ರಾವಣ ಒಂದು ತೊಟ್ಟು ಕಡಿಮೆ, ಹೀಗೆ ಸಾವಿರ ಪಾಕಗಳು. ಒಂದೊಂದಕ್ಕೂ ಅರ್ಧ ದಿನ. ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರನ್ನು ಆಳಂದದ ಪ್ರೆಸ್ಸೊಂದರಲ್ಲಿ ಹಾಜರಿ ಪುಸ್ತಕದ ಅಚ್ಚಿನಲ್ಲೇ ಮಾಡಿಸಿದ್ದರಿಂದ ತಾರೀಖಿನ ಪಕ್ಕ 'ವಾರ' ಎಂಬ ಕಲಮೂ ಇತ್ತು. ಯಾರಿಗೂ ಬೇಡವಾದ ಕಲಮು. ಇದೆಯಲ್ಲ ಎಂದು ನಾನು ತುಂಬುತ್ತಾ ಬಂದೆ. ಮಾಡಿದ್ದುಣ್ಣೋ ಮಹಾರಾಯ.

ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಕೆಟ್ಟವರಲ್ಲ. ಆದರೆ ಅವರಿಗೊಂದು ನಿಯಮವಿದೆ: ತಿರುಗಿಸಿದ ಫಿಲ್ಮು ಹತ್ತು ಸೆಕೆಂಡಿನೊಳಗೆ ಬಿಸಿ ತಟ್ಟೆಯ ಮೇಲಿರಬೇಕು. "ಹನ್ನೊಂದಾಯ್ತಂದ್ರ ಕೆಡ್ತು ಅಂತ ತಿಳಿ" ಎಂದು ನಾನು ಸೇರಿದ ದಿನವೇ ಹೇಳಿದ್ದರು. ವಾರದ ಉಳಿದ ದಿನ ಇದು ಸರಿ. ಶುಕ್ರವಾರ ಜುಮ್ಮಾ ನಮಾಜು ಒಂದೂವರೆಗೆ, ಮಸೀದಿ ಪಕ್ಕದ ಹಳ್ಳಿಯಲ್ಲಿ, ಊಟದ ಬಿಡುವು ಎರಡು ಗಂಟೆಗೆ. ಬೆಳಿಗ್ಗೆ ಕಲಸಿದ ದ್ರಾವಣ ಮಧ್ಯಾಹ್ನ ಒಂದು ಗಂಟೆ ದಾಟಿದರೆ ಉಳಿಯುವುದಿಲ್ಲ, ಬೇಯಲು ಇಟ್ಟರೆ ಒಂದು ತಾಸು ಪಕ್ಕದಲ್ಲೇ ನಿಲ್ಲಬೇಕು, ನಮ್ಮ ಹಳೆಯ ಬಿಸಿ ತಟ್ಟೆಗೆ ಅಷ್ಟೊಂದು ಸಿಡುಕು. 'ಸರ್, ಒಂದು ತಾಸು ಹೋಗಿ ಬರ್ತೇನಿ' ಎಂದು ಕೇಳಿಬಿಟ್ಟಿದ್ದರೆ ಮುಗಿದಿತ್ತು. ಹಂಗಾಮಿ ಮನುಷ್ಯ ಕೇಳುವುದಿಲ್ಲ. ಕೇಳಿದರೆ 'ಇಲ್ಲ' ಎನ್ನಬಹುದು. ಕೇಳದಿದ್ದರೆ ಯಾರೂ 'ಇಲ್ಲ' ಎಂದ ಹಾಗಾಗುವುದಿಲ್ಲ. ಹನ್ನೆರಡು ವರ್ಷದ ಹಿಂದಿನ ಒಂದು ಶುಕ್ರವಾರ ನಾನು ಫಿಲ್ಮು ತಿರುಗಿಸಿ ಮುಗಿಸುವುದಕ್ಕೂ ಹೊರಗೆ ಹಳ್ಳಿಗೆ ಹೋಗುವ ಆಟೋ ಹಾರ್ನ್ ಹೊಡೆಯುವುದಕ್ಕೂ ಸರಿಹೋಯಿತು. ಫಿಲ್ಮಿನ ಮೇಲೆ ದೂಳು ಕೂರಬಾರದೆಂದು ಕೈಗೆ ಸಿಕ್ಕಿದ ನನ್ನ ಊಟದ ಡಬ್ಬಿಯ ಸ್ಟೀಲಿನ ಮುಚ್ಚಳವನ್ನು ಬೋರಲು ಹಾಕಿ ಓಡಿದೆ. ಹೇಗೂ ಕೆಟ್ಟಿರುತ್ತದೆ, ಬಂದು ಎಸೆದರಾಯಿತು ಎಂದುಕೊಂಡಿದ್ದೆ.

ಹೆಚ್ಚುಕಡಿಮೆ ಒಂದು ತಾಸು ಬಿಟ್ಟು ಬಂದು, ಎಸೆಯಲು ಮನಸ್ಸಾಗದೆ ಬೇಯಿಸಿ ನೋಡಿದರೆ, ಅಲ್ಲಾ! ಫಿಲ್ಮಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಮೀಸೆಯ ಬಿಳಿ ಕೂದಲನ್ನು ಎಣಿಸಬಹುದಾಗಿತ್ತು. ದೀಪದ ಕೆಳಗಿಟ್ಟರೆ ಆ ವಾರದ ಎಲ್ಲ ಫಿಲ್ಮುಗಳಿಗಿಂತ ಹೆಚ್ಚು ಕರೆಂಟು. ಈಗ ರಿಜಿಸ್ಟರಿನಲ್ಲಿ ಏನು ಬರೆಯುವುದು? 'ಲೇಪನಕ್ಕೂ ಬಿಸಿಗೂ ನಡುವಿನ ಸಮಯ' ಎಂಬ ಕಲಮಿನಲ್ಲಿ ಐವತ್ತು ಚಿಲ್ಲರೆ ನಿಮಿಷ ಎಂದು ಬರೆದರೆ ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂದೂ ಬರೆಯಬೇಕಾಗುತ್ತದೆ. ಹತ್ತು ಸೆಕೆಂಡು ಎಂದು ಬರೆದೆ. ಮುಂದಿನ ಶುಕ್ರವಾರವೂ ಮುಚ್ಚಳ, ಮುಂದಿನ ಶುಕ್ರವಾರವೂ ಹತ್ತು ಸೆಕೆಂಡು. ಹೀಗೆ ಒಂದು ಸುಳ್ಳು ಹುಟ್ಟಿತು. ಅದರ ಬೆನ್ನಿಗೇ ಇನ್ನೊಂದು: ಆ ದ್ರಾವಣದಲ್ಲಿ ಸೀಸವಿರುವುದರಿಂದ ಅದರ ಮೇಲಿಟ್ಟ ಮುಚ್ಚಳ ಮತ್ತೆ ರೊಟ್ಟಿ ಪಲ್ಯದ ಮೇಲೆ ಕೂರುವಂತಿರಲಿಲ್ಲ. ಆ ಡಬ್ಬಿ ರೆಹಾನಾಳ ತವರಿನದು. ಅಫಜಲಪುರದ ನನ್ನ ಮಾವ ಮದುವೆಯಲ್ಲಿ ಕೊಟ್ಟದ್ದು, ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ 'ರೆಹಾನಾ' ಎಂದು ಹೆಸರು ಕೊರೆಸಿದ್ದು. ಬಸ್ಸಿನಲ್ಲಿ ಕಳೆಯಿತು ಎಂದು ಹೇಳಿದೆ. ಅಂದಿನಿಂದ ನನ್ನ ಡಬ್ಬಿಗೆ ಒಂದು ತಟ್ಟೆ ಮುಚ್ಚಿ, ಬಟ್ಟೆ ಸುತ್ತಿ ಕಳಿಸುತ್ತಾಳೆ. ಸುತ್ತುವಾಗಲೆಲ್ಲ "ಯಾವ ಬಸ್ಸು ಅಂದ್ರಿ?" ಎಂದು ಕೇಳುತ್ತಾಳೆ. ಹನ್ನೆರಡು ವರ್ಷದಲ್ಲಿ ನಾನು ಬೇರೆಬೇರೆ ಬಸ್ಸುಗಳ ಹೆಸರು ಹೇಳಿದ್ದೇನೆ; ಮಾದನಹಿಪ್ಪರಗಾದ ಬಸ್ಸಿಗೆ ಮಾತ್ರ ಮೂರು ಸಲ ಆ ಅಪವಾದ ಬಂದಿದೆ.

ಒಮ್ಮೆ ಪಾಟೀಲ ಸರ್‌ಗೆ ಸೂಕ್ಷ್ಮವಾಗಿ ಹೇಳಿ ನೋಡಿದೆ. "ಸರ್, ಶುಕ್ರವಾರದ ಫಿಲ್ಮು ಭಾಳ ಚಲೋ ಬರಾಕತ್ತಾವ್ರಿ. ಹಚ್ಚಿದ ಮ್ಯಾಲೆ ಅನ್ನಕ್ಕ ದಮ್ ಕೊಟ್ಟಂಗ ಜರಾ ಮುಚ್ಚಿ ಇಟ್ರ ಹ್ಯಾಂಗ್ರಿ?" ಎಂದೆ. ಅವರು ಕನ್ನಡಕ ತೆಗೆದು ನಕ್ಕರು. "ಖಾಸಿಂ, ಇದು ಬಿರಿಯಾನಿ ಅಲ್ಲಪಾ. ಮತ್ತ ವಿಜ್ಞಾನಕ್ಕ ವಾರ ಗೊತ್ತಿಲ್ಲ, ನೆನಪಿಡು" ಎಂದರು. ನೆನಪಿಟ್ಟುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಿತ್ತಲ ಗಿಡವೇ ಮಾಡಿರಬೇಕು ಎಂದು ಆಗ ಅನ್ನಿಸಿತ್ತು.

ಹೋದ ವರ್ಷ ನಮ್ಮಲ್ಲಿಗೆ ಅಳಿಯ ಬಂದ. ಗಾಜಿನ ಪೆಟ್ಟಿಗೆಯೊಳಗೆ ಒಂದು ಲೋಹದ ತೋಳು, ಅದಕ್ಕೊಂದು ಕಂಪ್ಯೂಟರು. ಅದಕ್ಕೆ ದೊಡ್ಡದೊಂದು ಇಂಗ್ಲಿಷ್ ಹೆಸರಿದ್ದರೂ ನಾವು ಅಳಿಯ ಎಂದೇ ಕರೆದೆವು. ಅದು ಬರುವ ಮುನ್ನ ಗೋಡೆಗೆ ಸುಣ್ಣ ಹೊಡೆಸಿದರು, ಹನ್ನೆರಡು ಬೇಸಿಗೆ ನಾನು ಬೆವರು ಸುರಿಸಿದ ಕೋಣೆಗೆ ಏಸಿ ಹಾಕಿಸಿದರು, ಅದರ ಮುಂದೆ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಜೊತೆಗೆ ಬಂದವರು ಶ್ರುತಿ ಮೇಡಂ. ಜೇವರ್ಗಿಯವರು, ಇನ್ನೂ ಮೂವತ್ತು ತುಂಬದ ಹುಡುಗಿ, ಯಂತ್ರಕ್ಕೆ ಪಾಠ ಹೇಳುವುದರಲ್ಲಿ ಡಾಕ್ಟರೇಟು. ಅವರೂ ನನ್ನ ಹಾಗೆ ಹಂಗಾಮಿಯೇ ಎಂದು ತಿಳಿದಾಗ ನನಗೆ ಯಾಕೋ ಸಮಾಧಾನವಾಯಿತು. "ಭಾಯಿ, ನೀವು ಇಷ್ಟು ವರ್ಷ ಮಾಡಿದ್ದೆಲ್ಲ ಇದಕ್ಕ ಓದಸ್ತೇನ್ರಿ" ಎಂದರು. "ಯಾವ್ದು ಚಲೋ ಬಂತು, ಯಾವ್ದು ಕೆಟ್ಟು ಬಂತು ನೋಡಿಕೊಂಡು, ಮುಂದಿನ ಪಾಕ ಏನು ಮಾಡ್ಬೇಕಂತ ಅದೇ ಹೇಳ್ತದ. ಮಾಡೋದೂ ಅದೇ ಮಾಡ್ತದ. ನೂರು ಪಾಕ ನೋಡಬೇಕಾದಲ್ಲಿ ಹತ್ತರಾಗ ಮುಗೀತದ."

"ಮತ್ತ ನಾನ್ರಿ?" ಎಂದೆ.

ಮೇಡಂ ರಿಜಿಸ್ಟರುಗಳ ರಾಶಿ ನೋಡಿದರು. "ನೀವು ಓದಿ ಹೇಳ್ರಿ, ನಾ ಟೈಪ್ ಮಾಡ್ತೇನಿ" ಎಂದರು.

ಹೀಗೆ ನನ್ನ ಹನ್ನೆರಡು ವರ್ಷವನ್ನು ನಾನೇ ಗಟ್ಟಿಯಾಗಿ ಓದಿ ಯಂತ್ರಕ್ಕೆ ಒಪ್ಪಿಸಿದೆ. ತಾರೀಖು, ವಾರ, ಪಾಕ, ಸಮಯ, ಫಲ. ಸಮಯದ ಕಲಮು ಬಂದಾಗಲೆಲ್ಲ "ಹತ್ತು ಸೆಕೆಂಡ್ರಿ" ಎನ್ನುವುದು. ಮೂರನೆಯ ದಿನ ಮೇಡಂ ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡು ರಿಜಿಸ್ಟರು ಮುಚ್ಚಿದೆ. "ಭಾಯಿ, ನಿಮ್ಮ ಕೈ ಭಾರಿ ಪಕ್ಕಾ ಅದ ನೋಡ್ರಿ. ಇಷ್ಟು ವರ್ಷದಾಗ ಒಂದ್ ಸಲನೂ ಹನ್ನೊಂದು ಆಗಿಲ್ಲ!" ಎಂದು ಮನಸಾರೆ ಹೊಗಳಿದರು. ನನ್ನ ಜೀವಮಾನದಲ್ಲಿ ಕೆಲಸಕ್ಕಾಗಿ ಸಿಕ್ಕ ಮೊದಲ ಹೊಗಳಿಕೆ ಅದು. ಅದೂ ಸುಳ್ಳಿಗೆ ಸಿಕ್ಕಿತು. ಮನೆಗೆ ಹೋಗಿ ರೆಹಾನಾಳ ಮುಂದೆ ಮಾತ್ರ ಆ ಹೊಗಳಿಕೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ, ಸುಳ್ಳಿನ ಭಾಗ ಬಿಟ್ಟು.

ಓದಿ ಮುಗಿದ ಮೇಲೆ ಅಳಿಯ ಏನು ಕಲಿತಿದ್ದಾನೆ ಎಂದು ತೋರಿಸಲು ಮೇಡಂ ಪಾಟೀಲ ಸರ್‌ರನ್ನು ಕರೆದರು. ಪರದೆಯ ಮೇಲೆ ಉದ್ದುದ್ದ ಗೆರೆಗಳು. ಫಿಲ್ಮು ಚೆನ್ನಾಗಿ ಬರಲು ಯಾವುದು ಎಷ್ಟು ಕಾರಣ ಎಂಬ ಲೆಕ್ಕವಂತೆ. ಉಪ್ಪಿಗೆ ಗೇಣುದ್ದದ ಗೆರೆ, ತಿರುಗಿಸುವ ವೇಗಕ್ಕೆ ಬೆರಳುದ್ದ. ಎಲ್ಲಕ್ಕಿಂತ ಮೇಲೆ, ಪರದೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಮಲಗಿತ್ತು. ಅದರ ಪಕ್ಕ 'ವಾರ: ಶುಕ್ರ' ಎಂದು ಬರೆದಿತ್ತು. ಪಾಟೀಲ ಸರ್ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. ಆಮೇಲೆ ಮೇಜು ಬಡಿದು ನಕ್ಕರು. "ಏನಮ್ಮಾ ಶ್ರುತಿ, ಇಷ್ಟು ದೂರದಿಂದ ತರಿಸಿದ ಮಷೀನು ಪಂಚಾಂಗ ಹೇಳಾಕತ್ತದಲ್ಲ!" ಎಂದರು. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ "ಏನಪಾ ಖಾಸಿಂ, ಶುಕ್ರವಾರ ಏನರ ಬ್ಯಾರೆ ಮಾಡ್ತೀಯೇನು?" ಎಂದರು. "ಇಲ್ರಿ ಸರ್, ಎಲ್ಲಾ ದಿನಾ ಒಂದೇರಿ" ಎಂದೆ. ಹೇಳುವಾಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳಲಿಲ್ಲ ನಿಜ, ಆದರೆ ಜೇಬಿನಲ್ಲಿದ್ದ ನಮಾಜಿನ ಟೋಪಿಯನ್ನು ಮುಟ್ಟಿಕೊಂಡೆ. ಸರ್ ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ನಿನ್ನ ರಿನಿವಲ್ ಫೈಲು ನನ್ನ ಮೇಜಿನ ಮ್ಯಾಲೆ ಅದ. ಈ ಮಷೀನು ಚಲೋ ನಡೀತಂದ್ರ ನಿಂದೇನು ಕೆಲಸ ಅಂತ ನೋಡಬೇಕಾಗ್ತದ."

ಅಲ್ಲಿಗೆ ವಿಷಯ ನನಗೆ ಸ್ಪಷ್ಟವಾಯಿತು. ಅಳಿಯ ಗೆದ್ದರೆ ನಾನು ಮನೆಗೆ. ಅಳಿಯ ಸೋತರೆ ನನ್ನ ಸ್ಟೂಲು ನನಗೆ. ಅಳಿಯ ಗೆಲ್ಲುವ ಗುಟ್ಟು ನನ್ನ ಹೊಟ್ಟೆಯಲ್ಲಿ. ಮೇಡಂ ನಾಚಿಕೆಯಿಂದ ವಾರದ ಕಲಮನ್ನೇ ಅಳಿಸಿಹಾಕಿ ಯಂತ್ರಕ್ಕೆ ಮತ್ತೆ ಮೊದಲಿನಿಂದ ಪಾಠ ಹೇಳಿದರು. ಅದಕ್ಕೆ ನಿಜ ಕಾಣಿಸುತ್ತಿದ್ದ ಒಂದೇ ಒಂದು ಕಣ್ಣೂ ಹೋಯಿತು. ಅಳಿಯ ತನ್ನ ಲೋಹದ ತೋಳಿನಿಂದ ಹಚ್ಚುವುದೇನು, ತಿರುಗಿಸುವುದೇನು, ಸರಿಯಾಗಿ ಹತ್ತು ಸೆಕೆಂಡಿಗೆ ಬಿಸಿ ತಟ್ಟೆಯ ಮೇಲಿಡುವುದೇನು! ನಾನು ಬರೆದಿದ್ದ ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಫಿಲ್ಮುಗಳು ಸಾಲಾಗಿ ಬೂದುಬೂದಾಗಿ ಬಂದವು. ನನಗೆ ಒಳಗೊಳಗೇ ಹಬ್ಬ. ಆ ದಿನಗಳಲ್ಲಿ ಮೇಡಂಗೆ ನಾನೇ ಚಹಾ ತಂದುಕೊಟ್ಟು "ಹೆಂಗ ನಡೆದದ್ರಿ ಅಳಿಯಂದು?" ಎಂದು ಕೇಳುತ್ತಿದ್ದೆ. ಕೇಳಬಾರದಾಗಿತ್ತು. ಈಗ ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ರೆಹಾನಾಳಿಗೆ ಒಂದು ಸಂಜೆ ಎಲ್ಲ ಹೇಳಿದೆ. ನಮ್ಮ ಮನೆಯ ಮಾತು ದಕ್ಕನಿ, ಆದರೆ ನನ್ನನ್ನು ಬೈಯುವಾಗ ಅವಳು ನೆರೆಮನೆಯವರಿಗೂ ತಿಳಿಯಲಿ ಎಂದು ಕನ್ನಡಕ್ಕೆ ಬರುತ್ತಾಳೆ. "ಅಜೀ, ಬಾಯಿ ಮುಚ್ಕೊಂಡಿರ್ರಿ. ಹೇಳಿದ್ರ ನಿಮ್ಮ ಕೆಲಸಾನೂ ಹೋಗ್ತದ, ಇಷ್ಟು ವರ್ಷ ಸುಳ್ಳು ಬರದಾನ ಅಂತ ಮರ್ಯಾದೀನೂ ಹೋಗ್ತದ" ಎಂದಳು. ಆಮೇಲೆ, "ಏನು ಮುಚ್ಚಿ ಹೋಗ್ತಿದ್ರಿ ಆ ಗಾಜಿನ ಮ್ಯಾಲೆ?" ಎಂದಳು. "ಏನೋ ಒಂದು ತಟ್ಟೆ" ಎಂದೆ. ಎಲ್ಲ ಹೇಳಿದೆ ಎಂದು ಮೇಲೆ ಬರೆದೆನಲ್ಲ, ಅದನ್ನು ನೀವು ಸ್ವಲ್ಪ ತಿದ್ದಿಕೊಳ್ಳಬೇಕು.

ಶ್ರುತಿ ಮೇಡಂ ಜೇವರ್ಗಿಯವರು, ಸುಲಭಕ್ಕೆ ಬಿಡುವವರಲ್ಲ. ಯಂತ್ರ ಸುಮ್ಮನೆ ಶುಕ್ರವಾರ ಎನ್ನಲಾರದು, ಏನೋ ಇದೆ ಎಂದು ಅವರ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆಯೇ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. "ಭಾಯಿ, ನಾ ಇಲ್ಲಿಲ್ಲ ಅಂತ ತಿಳೀರಿ. ದಿನಾ ಹ್ಯಾಂಗ ಮಾಡ್ತೀರಿ ಹಂಗೇ ಮಾಡ್ರಿ" ಎಂದರು. ಎದುರು ಕೂತವರನ್ನು ಇಲ್ಲವೆಂದು ತಿಳಿಯುವುದು ಹೇಗೆ? ಒಂದು ಗಂಟೆಗೆ ಫಿಲ್ಮು ಹಚ್ಚಿದೆ. ಹೊರಗೆ ಆಟೋ ಹಾರ್ನ್ ಹೊಡೆಯಿತು, ಎರಡನೆಯ ಸಲ ಹೊಡೆಯಿತು, ಹೋಯಿತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಶುಕ್ರವಾರದ ಫಿಲ್ಮನ್ನು ಹತ್ತು ಸೆಕೆಂಡಿನೊಳಗೆ ಬಿಸಿ ತಟ್ಟೆಯ ಮೇಲಿಟ್ಟೆ. ಬೂದು. ಮುಂದಿನ ಶುಕ್ರವಾರವೂ ಕೂತರು, ಬೂದು. ಅದರ ಮುಂದಿನದೂ ಬೂದು. ಅವರು ನನ್ನ ನಿಜ ನೋಡಲು ಕೂತಷ್ಟೂ ನಾನು ಬರೆದ ಸುಳ್ಳು ನಿಜವಾಗುತ್ತಾ ಹೋಯಿತು. ನನ್ನ ಮೂರು ಜುಮ್ಮಾ ಹೋದದ್ದು ಬೇರೆ.

ಮೂರನೆಯ ಶುಕ್ರವಾರ ಮೇಡಂ ಕುರ್ಚಿಯಿಂದ ಏಳಲಿಲ್ಲ. "ತಪ್ಪು ನಂದೇ ಭಾಯಿ" ಎಂದರು. "ನಂಗೇ ಇದಕ್ಕ ಕಲಿಸಾಕ ಬಂದಿಲ್ಲ. ಸೋಮವಾರ ಸರ್‌ಗೆ ಆಗಲಿಲ್ಲ ಅಂತ ಬರ್ದು ಕೊಟ್ಟು ಜೇವರ್ಗಿಗೆ ಹೋಗ್ತೇನಿ. ಅಪ್ಪಗ ಏನು ಹೇಳ್ಲಿ ಅಂತ ತಿಳಿವಲ್ದು. ಮಗಳು ಮಷೀನಿಗೆ ಸಾಲಿ ಕಲಸ್ತಾಳ ಅಂತ ಊರ ತುಂಬಾ ಹೇಳ್ಕೊಂಡು ಅಡ್ಡಾಡ್ಯಾನ." ನಾನು ಬೂದು ಫಿಲ್ಮನ್ನು ಕಸದ ಡಬ್ಬಿಗೆ ಹಾಕಿದೆ. ಇಷ್ಟಕ್ಕೇ ನನ್ನ ಮನಸ್ಸು ಕರಗಿತು ಎಂದು ಬರೆದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿಯುತ್ತೀರಿ. ಅದೂ ಒಂದು ಸುಳ್ಳೇ ಆಗುತ್ತದೆ. ನಾನು ಆಗಲೂ ಗಟ್ಟಿಯಾಗಿಯೇ ಇದ್ದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚುತ್ತಾ ಇನ್ನೊಂದು ಮಾತು ಅಂದರು: "ನಿಮ್ಮ ಹಳೇ ಶುಕ್ರವಾರದ ಫಿಲ್ಮು ಸುಮ್ಮ ಅಕಸ್ಮಾತ್ ಚಲೋ ಬಂದಿದ್ವು ಅಂತ ಬರೀತೇನಿ."

ಅಕಸ್ಮಾತ್! ಮೈ ಉರಿದುಹೋಯಿತು. ಹನ್ನೆರಡು ವರ್ಷ, ಮುಖ ಕಾಣುವಂಥ ಫಿಲ್ಮುಗಳು, ಒಂದೊಂದೂ ನನ್ನ ಕೈಯಿಂದ ಬಂದದ್ದು, ಅದು ಅಕಸ್ಮಾತ್ತಂತೆ. ಕೆಲಸ ಹೋದರೆ ಹೋಗಲಿ ಎನ್ನಿಸಿಬಿಟ್ಟಿತು. "ಅಕಸ್ಮಾತ್ ಅಲ್ರಿ ಮೇಡಂ" ಎಂದೆ. ಕಪಾಟಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮುಚ್ಚಳ ತಂದು ಅವರ ಮುಂದೆ ಇಟ್ಟೆ. ಎಲ್ಲ ಹೇಳಿದೆ. ಆಟೋ, ನಮಾಜು, ದಮ್ಮು, ಹತ್ತು ಸೆಕೆಂಡಿನ ಸುಳ್ಳು, ಎಲ್ಲ.

ಮೇಡಂ ಮುಚ್ಚಳವನ್ನು ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿದರು. "ಅಂದ್ರ ಈ ಮುಚ್ಚಳದ ಒಳಗ ದ್ರಾವಣದ ಹಬಿ ಹೊರಗ ಹೋಗಲಾರ್ದ ನಿಲ್ತದ. ಫಿಲ್ಮು ನಿದಾನಕ ಹಣ್ಣಾಗ್ತದ... ಎಷ್ಟು ನಿಮಿಷ ಇಡ್ತಿದ್ರಿ ಭಾಯಿ? ಬರೋಬ್ಬರಿ ಹೇಳ್ರಿ."

"ಅದು ಮೌಲಾನಾ ಸಾಹೇಬ್ರ ಮ್ಯಾಲೆ ಅದರಿ."

"ಅಂದ್ರ?"

"ಪ್ರವಚನ ಉದ್ದಾತಂದ್ರ ಜಾಸ್ತಿ ಹೊತ್ತು, ಸಣ್ಣದಾತಂದ್ರ ಕಮ್ಮಿರಿ. ಅವರಿಗೆ ಗಂಟಲಾ ಕೆಟ್ಟಾಗ ಫಿಲ್ಮು ಜರಾ ಹಸಿ ಉಳೀತಿದ್ವು. ರಂಜಾನದಾಗ ಭಾಳ ಮಾತಾಡ್ತಾರ, ಆಗ ಜರಾ ಹೆಚ್ಚು ಹಣ್ಣಾಗ್ತಿದ್ವು."

ಮೇಡಂ ಬಿದ್ದುಬಿದ್ದು ನಕ್ಕರು. ಆಮೇಲೆ ಏನೋ ಹೊಳೆದು ಲ್ಯಾಪ್‌ಟಾಪ್ ತೆರೆದರು. "ಚಳಿಗಾಲದ ಶುಕ್ರವಾರದಾಗ ಫಲ ಜರಾ ಇಳೀತದ. ಅದ್ಯಾಕ್ರಿ?" ಎಂದರು. ನಾನು ಯೋಚಿಸಿ, "ಭೂಸನೂರ ಸಕ್ಕರಿ ಕಾರ್ಖಾನಿ ಕಡೆ ಹೋಗೋ ಕಬ್ಬಿನ ಟ್ರ್ಯಾಕ್ಟರ್ ರಸ್ತಾದಾಗ ಅಡ್ಡ ನಿಲ್ತಾವ್ರಿ, ಬರೋದು ಲೇಟಾಗ್ತಿತ್ತು" ಎಂದೆ. ಅವರು ಈ ಸಲ ನಗಲಿಲ್ಲ. ಪರದೆಯನ್ನೇ ನೋಡುತ್ತಾ, "ಇದು ಎಲ್ಲಾ ಹಿಡದದ ಭಾಯಿ. ನಿಮ್ಮ ಮೌಲಾನಾನ್ನ, ಕಬ್ಬಿನ ಟ್ರ್ಯಾಕ್ಟರ್‌ನ, ಎಲ್ಲಾ. ನಾವೇ ನಂಬಿಲ್ಲ" ಎಂದರು. ಎದ್ದು ನಿಂತವರು, "ಸರ್‌ಗೆ ಮೊದ್ಲೇ ಕೇಳಿದ್ರ ಬಿಡ್ತಿದ್ರಲ್ರಿ" ಎಂದು ಮೆಲ್ಲಗೆ ಅಂದರು. ನಾನು ಮುಚ್ಚಳ ಸುತ್ತಿದ್ದ ಬಟ್ಟೆಯನ್ನು ಮಡಚಿಟ್ಟೆ.

ಮುಂದಿನದೆಲ್ಲ ಬೇಗ ಮುಗಿಯಿತು. ಅಳಿಯನಿಗೆ ಇಪ್ಪತ್ತು ನಿಮಿಷ, ಮೂವತ್ತು, ನಲವತ್ತು ಎಂದು ಕಾಯಲು ಹೇಳಿಕೊಟ್ಟರು. ಹನ್ನೆರಡು ವರ್ಷದಲ್ಲಿ ನಾನು ಗೊತ್ತಿಲ್ಲದೆ ಹುಡುಕಿದ್ದನ್ನು ಅದು ಹದಿನೈದು ದಿನದಲ್ಲಿ ಗೊತ್ತಿದ್ದು ಹುಡುಕಿತು: ಐವತ್ತೆರಡು ನಿಮಿಷ. ಗಾಜಿನ ಮುಚ್ಚಳ, ಪ್ಲಾಸ್ಟಿಕ್ ಮುಚ್ಚಳ, ಬೇರೆ ಊರಿಂದ ತರಿಸಿದ ಮುಚ್ಚಳ ಎಲ್ಲ ಹಾಕಿ ನೋಡಿದರು. ನನ್ನ ಡಬ್ಬಿಯ ಮುಚ್ಚಳದಷ್ಟು ಯಾವುದೂ ಒಗ್ಗಲಿಲ್ಲ. ಕೊನೆಗೆ ಅದಕ್ಕೇ ಒಂದು ಹಿಡಿ ಬೆಸೆದು, ಮೇಲೆ ಕಾಲೇಜಿನ ಆಸ್ತಿ ಎಂದು ನಂಬರಿನ ಚೀಟಿ ಅಂಟಿಸಿ, ಅಳಿಯನ ತೋಳಿಗೆ ಕೊಟ್ಟರು. ಫಿಲ್ಮು ಹೊರಬಂದಾಗ ಪಾಟೀಲ ಸರ್ ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಕೂದಲು ಸರಿಮಾಡಿಕೊಂಡರು. "ನೋಡು ಖಾಸಿಂ, ಮಷೀನಿನ ಬುದ್ಧಿ ಅಂದ್ರ ಇದು! ಮುಚ್ಚಿ ಇಡಬೇಕು ಅಂತ ಯಾವ ಮನುಷ್ಯಾಗ ಹೊಳೀತಿತ್ತು ಹೇಳು?" ಎಂದರು. ನಾನು ದಮ್ಮಿನ ಮಾತು ನೆನಪಿಸಲಿಲ್ಲ. ನೆನಪಿಸಿದರೆ 'ಅದು ಬಿರಿಯಾನಿ ಮಾತು' ಎನ್ನುತ್ತಿದ್ದರು.

ಆ ಸಂಗತಿಯ ಬಗ್ಗೆ ದೊಡ್ಡ ಲೇಖನ ಬರೆದರು. ನಡೆದದ್ದೆಲ್ಲವನ್ನೂ ಸರ್‌ಗೆ ತಿಳಿಸಿ, ಅದರಲ್ಲಿ ನನ್ನ ಹೆಸರು ಹಾಕಬೇಕೆಂದು ಶ್ರುತಿ ಮೇಡಂ ಹಟ ಹಿಡಿದರಂತೆ. "ಹಾಕಿದ್ರ ಯಾಕ ಹಾಕಿದ್ವಿ ಅಂತ ಬರೀಬೇಕಾಗ್ತದ. ಆಳು ಎದ್ದು ಹೊರಗ ಹೋಗಿದ್ದ, ರಿಜಿಸ್ಟರ್ ಸುಳ್ಳದ ಅಂತ ಬರೀಲೇನು? ಮಷೀನೇ ಹುಡುಕ್ತು ಅಂದ್ರ ಎಲ್ಲಾರ ಮರ್ಯಾದಿ ಉಳೀತದ, ಖಾಸಿಂನದೂ ಉಳೀತದ" ಎಂದರಂತೆ ಪಾಟೀಲ ಸರ್. ತಪ್ಪೇನೂ ಹೇಳಲಿಲ್ಲ, ಅದೇ ಉರಿ. ನ್ಯಾಯವಾಗಿ ಅನ್ಯಾಯ ಮಾಡಿದರೆ ಕೂಗಾಡುವುದಕ್ಕೂ ಆಗುವುದಿಲ್ಲ. ನನ್ನ ಕರಾರು ಮಾತ್ರ ಮುಂದುವರಿಸಿದರು, ಮತ್ತೆ ಹನ್ನೊಂದು ತಿಂಗಳಿಗೆ. ಯಾಕೆಂದರೆ ಮುಚ್ಚಳ ಹಾಕಿದ ಮೇಲೆ ಐವತ್ತೆರಡು ನಿಮಿಷ ಅಳಿಯನ ತೋಳು ಅಲುಗದೆ ನಿಂತಿರಬೇಕು, ಒಂದು ಸಲ ಕರೆಂಟು ಹೋಗಿ ಬಂದರೆ ತೋಳು ತಾನಾಗಿ ಎದ್ದುಬಿಡುತ್ತದೆ, ಆಗ ಮುಚ್ಚಳ ಹಿಡಿದುಕೊಳ್ಳಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ನಾನು. ಏಸಿ ಕೋಣೆಯಲ್ಲಿ ಈಗ ನನ್ನ ಸ್ಟೂಲು. ಅಳಿಯ ದಿನಕ್ಕೆ ಐದು ಫಿಲ್ಮು ಮಾಡುತ್ತದೆ. ಐದು ಹೊತ್ತಿನ ನಮಾಜು ಮಾಡುವವರ ಹಾಗೆ ಐದು ಸಲ ತಲೆ ಬಾಗಿಸಿ, ಮುಚ್ಚಳವನ್ನು ಫಿಲ್ಮಿನ ಮೇಲಿಟ್ಟು, ಮಿಸುಕಾಡದೆ ನಿಲ್ಲುತ್ತದೆ. ಐದು ಸಲವೂ ನಾನು ಪಕ್ಕದಲ್ಲಿ ಕೂತು ಕಾಯುತ್ತೇನೆ.

ಮೊದಲ ಶುಕ್ರವಾರ ಬಂದಾಗ, ಈ ಸಲ ಸುಳ್ಳು ಬೇಡ ಎಂದು, ಹನ್ನೆರಡು ವರ್ಷ ಕೇಳದಿದ್ದ ಮಾತನ್ನು ಪಾಟೀಲ ಸರ್ ಹತ್ತಿರ ಕೇಳಿಯೇಬಿಟ್ಟೆ. "ಸರ್, ಒಂದು ತಾಸು ನಮಾಜಿಗೆ ಹೋಗಿ ಬರ್ತೇನ್ರಿ." ಅವರು ನೊಂದುಕೊಂಡರು. "ಅಯ್ಯ ಹುಚ್ಚಪ್ಪಾ, ಮೊದಲೇ ಕೇಳಿದ್ರ ನಾನೇ ಗಾಡಿ ಕೊಟ್ಟು ಕಳಸ್ತಿದ್ದೆ. ಈಗ ಹ್ಯಾಂಗಪಾ? ಆ ಐವತ್ತೆರಡು ನಿಮಿಷ ಎಷ್ಟು ಮುಖ್ಯ ಅಂತ ನಿನಗಿಂತ ಯಾರಿಗೆ ಗೊತ್ತದ? ಇನ್ನೊಬ್ಬ ಆಳು ಬರೋತನಕ ಜರಾ ತಡಕೋ" ಎಂದರು. ಇನ್ನೊಬ್ಬ ಆಳು ಬಂದ ದಿನ ನಾನೇ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ಗಂಟೆಗೆ ಆಟೋ ಹಾರ್ನ್ ಹೊಡೆಯಿತು. ಅಳಿಯ ಮುಚ್ಚಳ ಇಟ್ಟು ನಿಂತಿತು. ನಾನು ರಿಜಿಸ್ಟರು ತೆರೆದು, ಶುಕ್ರವಾರದ ಸಾಲಿನಲ್ಲಿ ಮೊದಲ ಬಾರಿಗೆ 'ಐವತ್ತೆರಡು ನಿಮಿಷ' ಎಂದು ನಿಜ ಬರೆದೆ. ಅಕ್ಷರ ಮತ್ತೆ ಸೊಟ್ಟಗಾಯಿತು. ಆಮೇಲೆ ಉಗ್ರಾಣದ ಮೂಲೆಯಲ್ಲಿ ಪೇಪರು ಹಾಸಿಕೊಂಡು ಒಬ್ಬನೇ ಮಧ್ಯಾಹ್ನದ ನಮಾಜು ಮಾಡಿದೆ. ಈಗ ಪ್ರತಿ ಶುಕ್ರವಾರ ಹಾಗೆಯೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೋದ ವಾರ ಆ ಲೇಖನ ಅಚ್ಚಾಗಿ ಬಂತು. ಮೇಡಂ ಪಾಪ ಒಂದು ಪ್ರತಿ ನನಗೂ ಕೊಟ್ಟರು. ಮನೆಗೆ ಒಯ್ದೆ. ಇಂಗ್ಲಿಷು ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ, ಆದರೆ ರೆಹಾನಾ ಚಿತ್ರ ನೋಡಿದಳು. ಅಳಿಯನ ಬಣ್ಣದ ಚಿತ್ರ, ತೋಳಿನ ತುದಿಯಲ್ಲಿ ಮುಚ್ಚಳ. ನಂಬರಿನ ಚೀಟಿಯ ಪಕ್ಕದಲ್ಲಿ ಚುಕ್ಕಿಚುಕ್ಕಿಯಾಗಿ, ಕನ್ನಡಕವಿಲ್ಲದವರೂ ಓದುವ ಹಾಗೆ, 'ರೆಹಾನಾ'. ಇಡೀ ಲೇಖನದಲ್ಲಿ ನಮ್ಮ ಮನೆಯ ಹೆಸರು ಅದೊಂದೇ. ಹನ್ನೆರಡು ವರ್ಷದ ಬಸ್ಸುಗಳೆಲ್ಲ ಒಮ್ಮೆಗೇ ಬಂದು ನನ್ನ ಮೇಲೆ ಹರಿಯುತ್ತವೆ ಎಂದುಕೊಂಡು ಕಣ್ಣು ಮುಚ್ಚಿದೆ. ಅವಳು ಬೈಯಲಿಲ್ಲ. ಎಲ್ಲವನ್ನೂ, ಈ ಸಲ ನಿಜವಾಗಿ ಎಲ್ಲವನ್ನೂ, ನನ್ನ ಬಾಯಿಂದ ಕೇಳಿಸಿಕೊಂಡಳು. ದಿನಕ್ಕೆ ಐದು ಸಲ ಎಂದಾಗ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮರುದಿನವೇ ಶುಕ್ರವಾರ. ಬೆಳಿಗ್ಗೆ ಡಬ್ಬಿಗೆ ತಟ್ಟೆ ಮುಚ್ಚಿ ಬಟ್ಟೆ ಸುತ್ತುತ್ತಿದ್ದಳು. ರೂಢಿಯಂತೆ ಬಸ್ಸಿನ ಪ್ರಶ್ನೆ ಬರಲಿಲ್ಲ. ಗಂಟು ಹಾಕುತ್ತಾ, "ಇವತ್ತು ಮಧ್ಯಾಹ್ನ ನನ್ನ ಮುಚ್ಚಳ ಎಲ್ಲಿರ್ತದ?" ಎಂದು ಕೇಳಿದಳು.

ನನಗೂ ಸ್ವಲ್ಪ ಧೈರ್ಯ ಬಂದಿತ್ತು. "ನಮಾಜಿನಾಗ ಇರ್ತದ" ಎಂದೆ.

ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕೇಳಿದಳು: "ಮತ್ತ ನೀವು?"